ಹೂಂ ಅಂದಲ್ಲಿ ಪೂರ್ಣವಿರಾಮ: ಕತೆ ಬರೆಸುವ ಕೆಲಸದ ಒಂಬತ್ತು ವಾರ

ಗಂಗಾವತಿ ತಾಲ್ಲೂಕಿನ ಒಂದು ಹಳ್ಳಿಯ ಸರಕಾರಿ ಶಾಲೆಯಲ್ಲಿ ಮೂರನೆಯ ತರಗತಿಯ 19 ಮಕ್ಕಳೊಂದಿಗೆ ಪ್ರತಿ ಶನಿವಾರ ಒಂದೂವರೆ ತಾಸು ಕುಳಿತು ಕತೆ ಬರೆಸತೊಡಗಿ ಈಗ ಒಂಬತ್ತು ವಾರಗಳಾದವು. ಕೇಳಿದ ಕತೆಯನ್ನೇ ಮತ್ತೆ ಬರೆಯದೆ, ಜನಪದ ಕತೆಯ ಜಾಡಿನಲ್ಲಿ ಮಕ್ಕಳು ತಮ್ಮದೇ ಕತೆ ಕಟ್ಟಬೇಕೆಂಬುದು ನನ್ನ ಆಸೆ.

ಮೊದಲ ಎರಡು ವಾರಗಳು ನನ್ನ ತಪ್ಪಿನಿಂದಲೇ ವ್ಯರ್ಥವಾದವು. ಯಾರು, ಎಲ್ಲಿ, ಏನಾಯಿತು, ಕೊನೆಗೇನಾಯಿತು ಎಂದು ಹಲಗೆಯ ಮೇಲೆ ಬರೆದುಕೊಟ್ಟೆ. ಬಹುತೇಕ ಎಲ್ಲರೂ ಸಿಂಹ ಮತ್ತು ಮೊಲದ ಕತೆಯನ್ನೇ ಒಪ್ಪಿಸಿದರು.

ಮೂರನೆಯ ವಾರ ಒಬ್ಬ ವಿದ್ಯಾರ್ಥಿನಿಯ ಅಜ್ಜಿಯನ್ನು ಕರೆಸಿದೆ. ಬೇವಿನ ಮರದ ಕಟ್ಟೆಯ ಮೇಲೆ ಕುಳಿತ ಆಕೆ ಮೊದಲು ಕೇಳಿದ್ದು, "ಹೂಂ ಅನ್ನೋರು ಯಾರದೀರಿ? ಹೂಂ ಅನ್ನದಿದ್ರ ಕತಿ ಮುಂದ ಹೋಗಂಗಿಲ್ಲ" ಎಂದು. ಅಂದಿನಿಂದ ಮಕ್ಕಳನ್ನು ಜೋಡಿಯಾಗಿ ಕೂಡಿಸುತ್ತಿದ್ದೇನೆ. ಒಬ್ಬರು ಕತೆ ಹೇಳುತ್ತಾರೆ, ಇನ್ನೊಬ್ಬರು ಹೂಂಗುಟ್ಟುತ್ತಾರೆ. ಆಮೇಲೆ ಬರೆಯುವಾಗ ಹೂಂ ಬಂದಲ್ಲೆಲ್ಲ ಪೂರ್ಣವಿರಾಮ ಬೀಳುತ್ತದೆ. ಅದುವರೆಗೆ "ಮತ್ತ, ಮತ್ತ" ಎಂದು ಇಡೀ ಪುಟವನ್ನು ಒಂದೇ ವಾಕ್ಯದಲ್ಲಿ ತುಂಬಿಸುತ್ತಿದ್ದ ಹುಡುಗನೊಬ್ಬನ ಬರಹದಲ್ಲಿ ನಾನೊಂದು ಚುಕ್ಕೆ ಸೇರಿಸಿದಾಗ, ಅವನು ರಬ್ಬರು ತೆಗೆದುಕೊಂಡು ಅದನ್ನು ಅಳಿಸಿ, "ಅಲ್ಲಿ ಅಂವ ಹೂಂ ಅಂದೇ ಇಲ್ರಿ" ಎಂದ. ಓದಿ ನೋಡಿದರೆ ಅವನೇ ಸರಿ. ವಾಕ್ಯವೆಂದರೇನು ಎಂದು ನಾನು ವ್ಯಾಕರಣ ಹೇಳಿಯೂ ಮುಟ್ಟಿಸಲಾಗದ್ದನ್ನು ಆ ಅಜ್ಜಿಯ ಒಂದು ಷರತ್ತು ಮುಟ್ಟಿಸಿತ್ತು.

ಐದನೆಯ ವಾರ ಕಾಗಕ್ಕ ಗುಬ್ಬಕ್ಕನ ಕತೆಯನ್ನು ಬಿಡಿಸಿ ನೋಡಿದೆವು. ಮಳೆಯಲ್ಲಿ ಮನೆ ಕಳೆದುಕೊಂಡ ಕಾಗಕ್ಕ ಬಾಗಿಲು ಬಡಿಯುವುದು, ಗುಬ್ಬಕ್ಕ ಪ್ರತಿಸಲ ಒಂದೊಂದು ನೆಪ ಹೇಳಿ "ತಡಿ" ಎನ್ನುವುದು, ಇದೇ ಅದರ ಬೆನ್ನೆಲುಬು. ಕಾಲುವೆಯ ಕೊನೆಭಾಗದಲ್ಲಿ ಹೊಲವಿರುವ ಮನೆಯ ಹುಡುಗನೊಬ್ಬ ಇದೇ ಅಚ್ಚಿನಲ್ಲಿ ಕೊಕ್ಕರೆಯ ಕತೆ ಕಟ್ಟಿದ. ಭತ್ತದ ಗದ್ದೆ ಒಣಗುತ್ತದೆ, ಕೊಕ್ಕರೆ ತುಂಗಭದ್ರಾ ಕಾಲುವೆಯ ಹತ್ತಿರ ಹೋಗಿ "ಕಾಲುವೆಪ್ಪಾ ಕಾಲುವೆಪ್ಪಾ, ನೀರು ಬಿಡು" ಎನ್ನುತ್ತದೆ. ಕಾಲುವೆ "ತಡಿ, ಮ್ಯಾಲಿನ ಹೊಲಕ್ಕ ಕೊಟ್ಟು ಬರ್ತೀನಿ" ಎನ್ನುತ್ತದೆ. ಮೂರು ಸಲ ಕೇಳಿದರೂ ಅದೇ ಉತ್ತರ. ಮನೆಯಲ್ಲಿ ದೊಡ್ಡವರು ಆಡಿದ ಮಾತು ಕತೆಯೊಳಗೆ ಬಂದು ಕುಳಿತಿದ್ದನ್ನು ಕಂಡು ನನಗೆ ಕಣ್ಣು ತುಂಬಿ ಬಂತು.

ಆದರೆ ನಾನು "ತಡಿ" ಎಂಬುದನ್ನು "ತಾಳು" ಎಂದು ತಿದ್ದಿಬಿಟ್ಟೆ. ಮರುವಾರ ಅವನು ಗಟ್ಟಿಯಾಗಿ ಓದುವಾಗ ಆ ಮಾತಿಗೆ ಬಂದು ದನಿ ತಗ್ಗಿಸಿದ. ಆದ್ದರಿಂದ ಒಂದು ನಿಯಮ ಮಾಡಿಕೊಂಡೆವು: ಕತೆಯ ನಿರೂಪಣೆ ಪುಸ್ತಕದ ಕನ್ನಡದಲ್ಲಿರಲಿ, ಪಾತ್ರಗಳ ಮಾತು ಮಾತ್ರ ಬಾಯಿಗೆ ಬಂದಂತೆಯೇ ಇರಲಿ. ಒತ್ತಕ್ಷರ, ಮಹಾಪ್ರಾಣಗಳ ತಪ್ಪನ್ನು ಎರಡನೆಯ ಪ್ರತಿಯವರೆಗೆ ಮುಟ್ಟುವುದಿಲ್ಲ.

ಏಳು ಮತ್ತು ಎಂಟನೆಯ ವಾರ ಹಿರೇಬೆಣಕಲ್ಲಿನ ಗುಡ್ಡವನ್ನು ಎತ್ತಿಕೊಂಡೆವು. ಅಲ್ಲಿರುವ ನೂರಾರು ಬೃಹತ್ ಶಿಲಾಸಮಾಧಿಗಳು 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ತಾಣಗಳ ತಾತ್ಕಾಲಿಕ ಪಟ್ಟಿಗೆ ಸೇರಿದ್ದು ಮಕ್ಕಳಿಗೆ ತಿಳಿಯದು; ಮೋರ್ಯರೆಂಬ ಗಿಡ್ಡ ಜನ ಆ ಕಲ್ಲುಮನೆಗಳಲ್ಲಿದ್ದು ಬೆಂಕಿಮಳೆಗೆ ಸತ್ತರೆಂಬ ಊರಿನ ಕತೆ ಮಾತ್ರ ಚೆನ್ನಾಗಿ ತಿಳಿದಿದೆ. ಬಡಿದರೆ ನಾದ ಹೊಮ್ಮಿಸುವ ನಗಾರಿ ಕಲ್ಲೂ ಅಲ್ಲಿದೆ. ಆ ಕಲ್ಲು ಹೇಗೆ ಬಂತು ಎಂದು ಕತೆ ಕಟ್ಟಲು ಹೇಳಿದಾಗ, ಅಜ್ಜಿಯನ್ನು ಕರೆತಂದಿದ್ದ ಹುಡುಗಿ ಹೀಗೆ ಬರೆದಳು: "ಮೋರ್ಯರ ಹುಡುಗಿ ಮುಗಿಲು ಕೆಂಪಾಗಿದ್ದನ್ನು ನೋಡಿದಳು. ನಗಾರಿ ಬಡಿದಳು. ಯಾರೂ ಹೂಂ ಅನ್ನಲಿಲ್ಲ. ನಗಾರಿ ಕಲ್ಲಾಯಿತು."

ಕಳೆದ ಶನಿವಾರ ಅವಳ ಜೋಡಿಯ ಹುಡುಗಿ "ಯಾಕ ಯಾರೂ ಹೂಂ ಅನ್ಲಿಲ್ಲ?" ಎಂದು ಕೇಳಿದಳು. ಉತ್ತರ ಹೊಳೆಯದೆ, ಆ ವಾಕ್ಯದ ಕೆಳಗೆ ಮೂರು ಗೆರೆ ಖಾಲಿ ಬಿಟ್ಟು, ಅಜ್ಜಿಯನ್ನು ಕೇಳಿ ಬರುತ್ತೇನೆಂದು ಕತೆ ಬರೆದವಳು ನೋಟುಪುಸ್ತಕ ಮುಚ್ಚಿದ್ದಾಳೆ.