ಸೈನೈಡ್‌ಗೆ ಮಣಿಯದ ಚಿನ್ನದ ಅದಿರು

ಕೋಲಾರದ ಚಾಂಪಿಯನ್ ರೀಫ್ ಎಂಬ ಅದಿರಿನ ಪಟ್ಟೆಯ ಚಿನ್ನ ಬೆಣಚುಕಲ್ಲಿನಲ್ಲಿ ಹೆಚ್ಚಾಗಿ ಬಿಡಿ ಕಣಗಳಾಗಿಯೇ ಇತ್ತು. ಅರೆದು ಪಾದರಸಕ್ಕೆ, ಆಮೇಲೆ ಸೈನೈಡ್‌ಗೆ ಒಡ್ಡಿದರೆ ಬಹುಪಾಲು ಕೈಗೆ ಬರುತ್ತಿತ್ತು. ಪೈರೈಟ್, ಆರ್ಸೆನೊಪೈರೈಟ್ ಎಂಬ ಸಲ್ಫೈಡ್ (ಗಂಧಕವಿರುವ) ಖನಿಜಗಳ ಹರಳುಗಳ ಒಳಗೇ ಚಿನ್ನ ಹುದುಗಿದ್ದರೆ ಈ ದಾರಿ ನಡೆಯದು. ಚಿನ್ನ ಯಾಕೆ ಬರುತ್ತಿಲ್ಲ ಎಂದು ತಿಳಿಯುವ ಮುಂಚೆ ಯಂತ್ರಕ್ಕೆ ಹಣ ಹಾಕಲೇಬಾರದು.

ಪರೀಕ್ಷೆ ಸರಳ. ಮಾದರಿಯ ಶೇ. 80 ಭಾಗ 75 ಮೈಕ್ರಾನ್‌ಗಿಂತ ಸಣ್ಣದಾಗುವಂತೆ ಅರೆದು, ಸುಣ್ಣ ಹಾಕಿ ಪಿಎಚ್ 10.5ಕ್ಕೆ ತಂದು, ಸೈನೈಡ್ ದ್ರಾವಣದ ಬಾಟಲಿಯಲ್ಲಿ 24 ಗಂಟೆ ಉರುಳಿಸಿ. ಚಿನ್ನದ ಶೇ. 80ರಷ್ಟೂ ಕರಗದಿದ್ದರೆ ಅದಿರು ಮೊಂಡು ಎಂದೇ ಲೆಕ್ಕ. ಈಗ ಅದೇ ಮಾದರಿಯನ್ನು 10 ಮೈಕ್ರಾನ್‌ಗೆ ಅರೆದು ನೋಡಿ. ಚಿನ್ನ ಹೆಚ್ಚು ಬಂದರೆ ಅರೆತದ್ದೇ ಸಮಸ್ಯೆ. ಬರದಿದ್ದರೆ ಚಿನ್ನ ಕಣವಾಗಿಯೇ ಇಲ್ಲ, ಆರ್ಸೆನೊಪೈರೈಟಿನ ರಚನೆಯಲ್ಲಿ ಪರಮಾಣುವಾಗಿ ಸೇರಿಹೋಗಿರುವ ಸಾಧ್ಯತೆಯೇ ಹೆಚ್ಚು. ಆಗ ಎಷ್ಟು ಅರೆದರೂ ಕರೆಂಟು ದಂಡ. ಸಲ್ಫೈಡನ್ನೇ ಉತ್ಕರ್ಷಿಸಿ ಒಡೆಯಬೇಕು.

ಹುರಿಯುವುದು ಹಳೆಯ ದಾರಿ. ಆರ್ಸೆನಿಕ್ ಇದ್ದರೆ ಮೊದಲು ಕಡಿಮೆ ಆಮ್ಲಜನಕದಲ್ಲಿ ಅದನ್ನು ಓಡಿಸಿ, ನಂತರ 600–700 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಧಕವನ್ನು ಸುಡುತ್ತಾರೆ. ಶಾಖ ಮೀರಿದರೆ ಕಬ್ಬಿಣದ ಆಕ್ಸೈಡ್ ಬೆಸೆದುಕೊಂಡು ಚಿನ್ನವನ್ನು ಮತ್ತೆ ಮುಚ್ಚುತ್ತದೆ. ಹೊಗೆಯ ಪಾಡಂತೂ ಭಯಂಕರ: ಕೆನಡಾದ ಯೆಲ್ಲೋನೈಫ್ ಬಳಿಯ ಜೈಂಟ್ ಗಣಿಯಲ್ಲಿ 2,37,000 ಟನ್ ಆರ್ಸೆನಿಕ್ ಟ್ರೈಆಕ್ಸೈಡ್ ದೂಳು ನೆಲದಡಿ ಉಳಿದಿದೆ. ಆಟೋಕ್ಲೇವ್ ಎಂಬ ಮುಚ್ಚಿದ ಒತ್ತಡದ ಪಾತ್ರೆ 190–230 ಡಿಗ್ರಿಯಲ್ಲಿ, ಆಮ್ಲಜನಕದ ಒತ್ತಡದಲ್ಲಿ ಗಂಟೆಯ ಆಸುಪಾಸಿನಲ್ಲೇ ಕೆಲಸ ಮುಗಿಸುತ್ತದೆ, ಆದರೆ ಬಂಡವಾಳ ಭಾರಿ.

ಸಾಂದ್ರಿತ ಅದಿರಿನ (ಬೇಡದ ಕಲ್ಲು ಬೇರ್ಪಡಿಸಿ ಉಳಿದ ಪಾಲಿನ) ಪ್ರಮಾಣ ಹೆಚ್ಚಿಲ್ಲದಿದ್ದರೆ ನನಗೆ ಒಪ್ಪುವುದು ಸಲ್ಫೈಡನ್ನು ಬ್ಯಾಕ್ಟೀರಿಯಾದಿಂದಲೇ ಒಡೆಸುವ ದಾರಿ. ದಕ್ಷಿಣ ಆಫ್ರಿಕಾದ ಬಾರ್ಬರ್ಟನ್ ಬಳಿಯ ಫೇರ್‌ವ್ಯೂ ಗಣಿಯಲ್ಲಿ ಇದು 1986ರಲ್ಲೇ ಶುರುವಾಯಿತು. ಸುಮಾರು ಶೇ. 20 ಘನ ಇರುವ ರಾಡಿ, ಪಿಎಚ್ 1.2–1.8, 40–45 ಡಿಗ್ರಿ ಶಾಖ, ನಾಲ್ಕರಿಂದ ಆರು ದಿನ. ಸಲ್ಫೈಡ್ ಒಡೆಯುವಾಗ ಶಾಖ ಹುಟ್ಟುವುದರಿಂದ ತಂಪುಕೊಳವೆ ನಿಂತರೆ ಬ್ಯಾಕ್ಟೀರಿಯಾ ಸಾಯುತ್ತವೆ. ಇನ್ನೊಂದು ಶತ್ರು ಮರುಬಳಕೆಯ ನೀರು: ಸೈನೈಡ್ ವಿಭಾಗದಿಂದ ಬಂದ ಥಯೋಸೈನೇಟ್ (ಸೈನೈಡ್ ಗಂಧಕದ ಜೊತೆ ಸೇರಿ ಆಗುವ ವಸ್ತು) ಸ್ವಲ್ಪ ಸೇರಿದರೂ ಟ್ಯಾಂಕ್ ಮಲಗಿಬಿಡುತ್ತದೆ. ಎರಡು ವಿಭಾಗಗಳ ನೀರನ್ನು ಬೇರೆಯಾಗಿಯೇ ಇಡಿ. ಆರ್ಸೆನೊಪೈರೈಟ್ ಪೈರೈಟಿಗಿಂತ ಮೊದಲು ಒಡೆಯುತ್ತದೆ. ಚಿನ್ನ ಅದರಲ್ಲಿದ್ದರೆ ಪೂರ್ತಿ ಉತ್ಕರ್ಷಣೆ ಬೇಕಾಗಿಲ್ಲ.

ಆಮ್ಲದ ರಾಡಿಯನ್ನು ಚೆನ್ನಾಗಿ ತೊಳೆದು, ಸುಣ್ಣದಿಂದ ಪಿಎಚ್ 10.5 ದಾಟಿಸಿದ ಮೇಲಷ್ಟೇ ಸೈನೈಡ್ ಹಾಕಬೇಕು. ಇಲ್ಲದಿದ್ದರೆ ಏಳುವುದು ಪ್ರಾಣ ತೆಗೆಯುವ ಹೈಡ್ರೋಜನ್ ಸೈನೈಡ್ ಅನಿಲ. ತೊಳೆದ ನೀರಿನಲ್ಲಿ ಆರ್ಸೆನಿಕ್‌ನ ಒಂದು ಮೋಲ್‌ಗೆ ಕಬ್ಬಿಣ ಮೂರು ಮೋಲ್‌ಗಿಂತ ಹೆಚ್ಚಿದ್ದರೆ ಅದನ್ನು ತಟಸ್ಥಗೊಳಿಸುವಾಗ ಆರ್ಸೆನಿಕ್ ಗಟ್ಟಿಯಾಗಿ ಕೂರುತ್ತದೆ.

ಅದಿರಿನಲ್ಲಿ ಕಪ್ಪು ಇಂಗಾಲವಿದ್ದರೆ ಬ್ಯಾಕ್ಟೀರಿಯಾ ಅದನ್ನು ಮುಟ್ಟುವುದಿಲ್ಲ. ಕರಗಿದ ಚಿನ್ನವನ್ನು ಆ ಇಂಗಾಲ ಮತ್ತೆ ಹೀರಿಕೊಳ್ಳುತ್ತದೆ. ಸೈನೈಡ್ ಟ್ಯಾಂಕಿನಲ್ಲಿ ಮೊದಲಿನಿಂದಲೇ ಸಕ್ರಿಯ ಇಂಗಾಲ ಇಟ್ಟರೆ ಚಿನ್ನದ ಒಂದಷ್ಟು ಪಾಲನ್ನು ಅದೇ ಮೊದಲು ಹಿಡಿಯುತ್ತದೆ. ಹೀರಿಕೆ ತೀವ್ರವಾಗಿದ್ದರೆ ಇಷ್ಟು ಸಾಲದು, ಹುರಿಯುವ ದಾರಿಗೇ ಮರಳಬೇಕಾಗುತ್ತದೆ.