ದುಡ್ಡು ಹೋಗ್ತಾ ಇಲ್ಲ ಮಾರಾಯ್ತಿ

ಆದಿತ್ಯವಾರ ಬೆಳಿಗ್ಗೆ ಏಳೂವರೆಗೆ ಕಾಪುವಿನಿಂದ ಮಾವನ ಫೋನ್ ಬಂತು. ಆಟಿಯ ಮಳೆ ಜೋರಾಗಿ ಹೊಡೆಯುತ್ತಿತ್ತು, ರಾತ್ರಿಯಿಡೀ ಕರೆಂಟ್ ಬಂದು ಹೋಗಿ ಮಾಡುತ್ತಿತ್ತು, ತೋಟದಲ್ಲಿ ಮರ ಏನಾದರೂ ಬಿತ್ತೋ ಅಂದುಕೊಂಡು ಫೋನ್ ಎತ್ತಿದೆ. ಮಾವ ಕೇಳಿದ್ದೇ ಬೇರೆ.

"ಕಾರ್ಡಿನಿಂದ ದುಡ್ಡು ಹೋಗ್ತಾ ಇಲ್ಲ ಮಾರಾಯ್ತಿ. ಮೂರು ಸಲ ಹಾಕಿದೆ. ಸರ್ವರಿನ ತೊಂದರೆಯಾ ಎಂತದು?"

"ಎಂತದಕ್ಕೆ ದುಡ್ಡು ಮಾವ?"

"ಆ್ಯಂಟಿವೈರಸ್ಸಿಗೆ. ಕಂಪ್ಯೂಟರಿನಲ್ಲಿ 1,347 ತೊಂದರೆ ಉಂಟಂತೆ. ಹತ್ತು ನಿಮಿಷದೊಳಗೆ ಕಟ್ಟಿದರೆ ಅರ್ಧ ಬೆಲೆ."

ನನ್ನ ನಿದ್ದೆ ಹಾರಿಹೋಯಿತು. ಮೊದಲು ವೈಫೈ ಆಫ್ ಮಾಡಿ, ಆಮೇಲೆ ಕಾರ್ಡಿನ ಹಿಂದೆ ಇರುವ ನಂಬರಿಗೆ ಫೋನ್ ಮಾಡಿ ಕಾರ್ಡ್ ಬ್ಲಾಕ್ ಮಾಡಿಸಿ, ನಾನು ಬರುವ ತನಕ ಮೌಸ್ ಮುಟ್ಟಬೇಡಿ ಅಂದೆ. ದುಡ್ಡು ಹೋಗದೇ ಇದ್ದದ್ದು ಸರ್ವರಿನ ತೊಂದರೆಯಿಂದ ಅಲ್ಲ. ಆ ಕಡೆಯವರು ಡಾಲರಿನಲ್ಲಿ ಕೇಳುತ್ತಿದ್ದರು. ನಮ್ಮ ಬ್ಯಾಂಕುಗಳು ಹೊಸದಾಗಿ ಕೊಡುವ ಕಾರ್ಡುಗಳಲ್ಲಿ ಹೊರದೇಶದ ವಹಿವಾಟು ನಾವಾಗಿ ತೆರೆಯುವ ತನಕ ಮುಚ್ಚಿಯೇ ಇರಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಉಂಟು, 2020ರ ಅಕ್ಟೋಬರ್ 1ರಿಂದ. ಮಾವ ಅದನ್ನು ತೆರೆದಿರಲಿಲ್ಲ. ತೆರೆಯುವುದು ಹೇಗೆ ಅಂತ ಕೇಳಲಿಕ್ಕೇ ಅವರು ನನಗೆ ಫೋನ್ ಮಾಡಿದ್ದು! ಆದರೆ ಕಾರ್ಡಿನ ನಂಬರು, ಹಿಂದಿನ ಮೂರು ಅಂಕೆ, ಎಲ್ಲಾ ಟೈಪ್ ಮಾಡಿ ಆಗಿತ್ತು. ಹೊರದೇಶದ ಕೆಲವು ಸೈಟುಗಳು ಒಟಿಪಿಯನ್ನೇ ಕೇಳುವುದಿಲ್ಲ. ಹಾಗಾಗಿ ಆ ಕಾರ್ಡನ್ನು ಬಿಟ್ಟುಕೊಡುವುದೇ ವಾಸಿ.

ಉಡುಪಿಯಲ್ಲಿ ಬಸ್ಸು ಹತ್ತಿ ಕಿಟಕಿಯ ಶಟರ್ ಎಳೆದು ಕೂತಾಗ ನನಗೆ ಬೇಜಾರಿಗಿಂತ ಆಶ್ಚರ್ಯ ಜಾಸ್ತಿ ಇತ್ತು. ನಮ್ಮ ಮಾವ ಸುಮ್ನೆ ಎಲ್ಲೆಲ್ಲೋ ಒತ್ತುವ ಜನ ಅಲ್ಲ. ರಿಟೈರ್ಡ್ ಕನ್ನಡ ಮೇಷ್ಟ್ರು, ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ಗೇಟಿಗೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡುವವರು. ಲಾಟರಿ ಬಂದಿದೆ ಅಂತ ಮೆಸೇಜ್ ಬಂದರೆ ನಗುವವರು. ಆದರೆ ಇಲ್ಲಿ ಲಾಟರಿಯ ಆಸೆ ತೋರಿಸಿರಲಿಲ್ಲ, ಬೀಗ ಸರಿ ಇಲ್ಲ ಅಂತ ಹೆದರಿಸಿದ್ದರು. ಜಾಗ್ರತೆಯ ಮನುಷ್ಯ ಬೀಳುವುದೇ ಅಲ್ಲಿ. ನಕಲಿ ಆ್ಯಂಟಿವೈರಸ್ ಮಾಡುವವನಿಗೆ ಉಡಾಫೆಯವರಿಂದ ಲಾಭ ಇಲ್ಲ, ಅವರು ಏನು ಬಂದರೂ ಓದದೇ ಮುಚ್ಚುತ್ತಾರೆ.

ಮನೆ ತಲುಪುವಷ್ಟರಲ್ಲಿ ಅತ್ತೆ ಪತ್ರೊಡೆ ಬೇಯಲು ಇಟ್ಟಿದ್ದರು. ಸ್ಕ್ರೀನಿನಲ್ಲಿ ಕೆಂಪು ಗುರಾಣಿ ಮಿನುಗುತ್ತಿತ್ತು.

ಇದು ಒಳಗೆ ಬಂದದ್ದು ಹೇಗೆ ಅಂತ ಕೇಳುತ್ತಾ ಹೋದಾಗ ಕಥೆ ಬಿಚ್ಚಿಕೊಂಡಿತು. ಮಾವನಿಗೆ ಒಂದು ಹಳೆಯ ಯಕ್ಷಗಾನ ಪ್ರಸಂಗದ ಪಿಡಿಎಫ್ ಬೇಕಿತ್ತು. ಹುಡುಕಿದಾಗ ಸಿಕ್ಕಿದ ಪುಟದಲ್ಲಿ ನಾಲ್ಕು ಹಸಿರು ಡೌನ್‌ಲೋಡ್ ಬಟನ್, ಅದರಲ್ಲಿ ಮೂರು ಜಾಹೀರಾತು. ಒಂದನ್ನು ಒತ್ತಿದರು. "ನೀವು ರೋಬೋಟ್ ಅಲ್ಲ ಅಂತ ತೋರಿಸಲು ಅಲೋ ಒತ್ತಿ" ಅಂತ ಬಂತು. ಒತ್ತಿದರು. ಅವರು ಅಲ್ಲಿ ಒಪ್ಪಿಗೆ ಕೊಟ್ಟದ್ದು ಆ ಸೈಟಿನಿಂದ ನೋಟಿಫಿಕೇಷನ್ ಬರಲಿಕ್ಕೆ. ಎರಡು ದಿನ ಬಿಟ್ಟು ಸ್ಕ್ರೀನಿನ ಬಲಗಡೆ ಕೆಳಮೂಲೆಯಲ್ಲಿ ಒಂದರ ಮೇಲೊಂದು ಎಚ್ಚರಿಕೆ ಏಳತೊಡಗಿತು, ಹೆಸರುವಾಸಿ ಕಂಪನಿಯೊಂದರ ಚಿಹ್ನೆ ಹಾಕಿಕೊಂಡು. ಅದರಡಿಯಲ್ಲಿ ಸಣ್ಣಕ್ಷರದಲ್ಲಿ ಕ್ರೋಮ್ ಅಂತಲೂ ಒಂದು ಕೇಳದ ಸೈಟಿನ ವಿಳಾಸವೂ ಇತ್ತು. ಅದನ್ನು ಯಾರು ಓದುತ್ತಾರೆ, ಅಲ್ವಾ? ಕಂಪ್ಯೂಟರಿನಲ್ಲಿ ನಿಜವಾಗಿ ಇರುವ ಆ್ಯಂಟಿವೈರಸ್ ಕ್ರೋಮಿನ ಹೆಗಲ ಮೇಲೆ ಕೂತು ಮಾತಾಡುವುದಿಲ್ಲ.

ಅದನ್ನು ಒತ್ತಿದಾಗ ಒಂದು ಪುಟ ತೆರೆದು "ಸ್ಕ್ಯಾನ್" ಶುರುವಾಯಿತಂತೆ. ಆ ಪುಟ ಇನ್ನೂ ತೆರೆದೇ ಇತ್ತು. ಸಿ, ಡಿ, ಇ, ಎಫ್ ಡ್ರೈವುಗಳನ್ನೆಲ್ಲಾ ಹುಡುಕಿ 5 ವೈರಸ್ ಸಿಕ್ಕಿದ ಹಾಗೆ ತೋರಿಸಿತ್ತು.

"ಮಾವ, ನಿಮ್ಮ ಕಂಪ್ಯೂಟರಿನಲ್ಲಿ ಎಫ್ ಡ್ರೈವ್ ಎಲ್ಲುಂಟು?"

ಮಾವ ಕನ್ನಡಕ ಸರಿಮಾಡಿಕೊಂಡು ಒಳಗೆ ನೋಡಿದರು. ಇದ್ದದ್ದು ಸಿ ಮತ್ತು ಡಿ ಮಾತ್ರ.

ಬ್ರೌಸರಿನ ಪುಟಕ್ಕೆ ನಿಮ್ಮ ಡಿಸ್ಕಿನೊಳಗೆ ಇಣುಕಿ ವೈರಸ್ ಹುಡುಕಲಿಕ್ಕೆ ಆಗುವುದಿಲ್ಲ. ಅಲ್ಲಿ ಓಡಿದ್ದು ಬರೀ ಚಿತ್ರ. ಯಾರು ತೆರೆದರೂ ಅವೇ 5 ವೈರಸ್. ಫೋನಿನಲ್ಲಿ ತೆರೆದರೆ ಫೋನಿನ ಸಿ ಡ್ರೈವನ್ನೂ ಹುಡುಕಿ ಕೊಡುವ ಮಹಾನುಭಾವರು ಇವರು, ಫೋನಿನಲ್ಲಿ ಸಿ ಡ್ರೈವ್ ಅಂತ ಒಂದು ಇಲ್ಲವೇ ಇಲ್ಲ.

ತೊಂದರೆ ಅಷ್ಟಕ್ಕೇ ನಿಂತಿದ್ದರೆ ಐದು ನಿಮಿಷದ ಕೆಲಸ. ಮಾವ "ಕ್ಲೀನ್" ಒತ್ತಿ, ಇಳಿದ ಸೆಟಪ್ಪನ್ನು ಇನ್‌ಸ್ಟಾಲ್ ಕೂಡ ಮಾಡಿದ್ದರು. 1,347 ತೊಂದರೆ ಕಂಡುಹಿಡಿದದ್ದು ಅದು, ಒಂದು ನಿಮಿಷ ಕೂಡ ತೆಗೆದುಕೊಳ್ಳದೆ. ಪಟ್ಟಿ ಬಿಡಿಸಿ ನೋಡಿದೆ. ಬ್ರೌಸರಿನ ಕುಕೀಗಳು, ಟೆಂಪರರಿ ಫೈಲುಗಳು, ಖಾಲಿ ರಿಜಿಸ್ಟ್ರಿ ಸಾಲುಗಳು. ಯಾವ ಕಂಪ್ಯೂಟರಿನಲ್ಲೂ ಇರುವ ಕಸ ಅದು, ಅದಕ್ಕೆಲ್ಲಾ ಕೆಂಪು ಬಣ್ಣ ಹಚ್ಚಿ "ಗಂಭೀರ" ಅಂತ ಬರೆದಿದ್ದರು.

ಸುಳ್ಳು ಸ್ಕ್ಯಾನ್ ಅಂದರೆ ಬರೀ ಕತ್ತಲೆಯಲ್ಲಿ ಕೂತ ಕಳ್ಳರ ಕೆಲಸ ಅಂತಲೂ ಇಲ್ಲ. ಅಮೆರಿಕದಲ್ಲಿ ಆಫೀಸ್ ಡಿಪೋ ಎಂಬ ದೊಡ್ಡ ಅಂಗಡಿ ಸರಣಿ ಗ್ರಾಹಕರ ಕಂಪ್ಯೂಟರನ್ನು ಪುಕ್ಕಟೆ ಪರೀಕ್ಷೆ ಮಾಡಿಕೊಡುತ್ತಿತ್ತು. ಶುರುವಿನಲ್ಲಿ "ಕಂಪ್ಯೂಟರ್ ನಿಧಾನವಾಗಿದೆಯಾ" ಎಂಬಂಥ ನಾಲ್ಕು ಪ್ರಶ್ನೆ. ಒಂದಕ್ಕೆ ಹೌದು ಅಂದರೂ ಸಾಕು, ಸ್ಕ್ಯಾನಿನಲ್ಲಿ ಏನು ಸಿಕ್ಕಲಿ ಬಿಡಲಿ, ಮಾಲ್‌ವೇರ್ (ಹಾನಿ ಮಾಡುವ ಸಾಫ್ಟ್‌ವೇರ್) ಲಕ್ಷಣ ಉಂಟು ಅಂತ ಬರುತ್ತಿತ್ತು ಅನ್ನುವುದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಹೊರಿಸಿದ ಆರೋಪ. 2019ರಲ್ಲಿ ಆ ಕಂಪನಿಯೂ ಅದಕ್ಕೆ ಸಾಫ್ಟ್‌ವೇರ್ ಕೊಟ್ಟವರೂ ಸೇರಿ 35 ಮಿಲಿಯನ್ ಡಾಲರ್ ಕಟ್ಟಲು ಒಪ್ಪಿದರು. ಇದನ್ನು ಹೇಳಿದ ಮೇಲೆ ಮಾವನ ಮುಖ ಸ್ವಲ್ಪ ಸಡಿಲವಾಯಿತು. ಮೋಸ ಹೋದವರಲ್ಲಿ ತಾನೊಬ್ಬನೇ ಅಲ್ಲ ಅನ್ನುವುದು ದೊಡ್ಡ ಸಮಾಧಾನ.

ಈಗ ಕೆಲಸಕ್ಕೆ ಬರೋಣ.

ಆ ಸುಳ್ಳು ಸ್ಕ್ಯಾನಿನ ಪೆಟ್ಟಿಗೆಯ ಮೂಲೆಯ ಇಂಟು ಗುರುತನ್ನು ಒತ್ತಲಿಲ್ಲ. ವೆಬ್ ಪುಟದೊಳಗೆ ಬರೆದ ಇಂಟು ಎಷ್ಟೋ ಸಲ ಇನ್ನೊಂದು ಬಟನ್ನೇ ಆಗಿರುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಓಡುತ್ತಿರುವ ಪ್ರೋಗ್ರಾಮುಗಳನ್ನೆಲ್ಲಾ ತೋರಿಸುವ ಟಾಸ್ಕ್ ಮ್ಯಾನೇಜರ್ ಬರುತ್ತದೆ, ಅಲ್ಲಿಂದಲೇ ಕ್ರೋಮನ್ನು ಮುಗಿಸಿದೆ. ಸ್ಕ್ರೀನ್ ತುಂಬಾ ಎಚ್ಚರಿಕೆ ಹರಡಿಕೊಂಡು ಸೈರನ್ ಕೂಗುವ ಪುಟಗಳಿಗೂ ಇದೇ ಮದ್ದು. ಮತ್ತೆ ಬ್ರೌಸರ್ ತೆರೆದಾಗ "ಹಿಂದಿನ ಪುಟಗಳನ್ನು ತೆರೆಯಲಾ" ಅಂತ ಕೇಳಿದರೆ ಬೇಡ ಅನ್ನಿ. ಆಮೇಲೆ ಅದೇ ಟಾಸ್ಕ್ ಮ್ಯಾನೇಜರಿನಲ್ಲಿ ಆ ನಕಲಿ ಪ್ರೋಗ್ರಾಮಿನ ಮೇಲೆ ರೈಟ್ ಕ್ಲಿಕ್ ಮಾಡಿ ಅದರ ಫೈಲ್ ಯಾವ ಫೋಲ್ಡರಿನಲ್ಲಿ ಕೂತಿದೆ ಅಂತ ನೋಡಿ ಬರೆದಿಟ್ಟುಕೊಂಡೆ. ಇದನ್ನು ಬಿಡಬೇಡಿ, ಕೊನೆಗೆ ಇದೇ ಕೆಲಸಕ್ಕೆ ಬರುವುದು.

ನೋಟಿಫಿಕೇಷನ್ ತೆಗೆಯುವುದು ಸುಲಭ. ಕ್ರೋಮಿನ ಮೂರು ಚುಕ್ಕಿ, ಸೆಟ್ಟಿಂಗ್ಸ್, ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್. ಒಪ್ಪಿಗೆ ಕೊಟ್ಟ ಸೈಟುಗಳ ಪಟ್ಟಿಯಲ್ಲಿ ಹನ್ನೊಂದು ಇದ್ದವು, ಮಾವನಿಗೆ ಗೊತ್ತಿದ್ದದ್ದು ಒಂದು ಸುದ್ದಿ ಪತ್ರಿಕೆ ಮಾತ್ರ. ಉಳಿದದ್ದೆಲ್ಲಾ ತೆಗೆದೆ. ಎಕ್ಸ್‌ಟೆನ್ಷನ್‌ಗಳಲ್ಲೂ ಒಂದು ಕೇಳದ "ಸರ್ಚ್" ಸೇರಿಕೊಂಡಿತ್ತು, ಅದನ್ನೂ ಓಡಿಸಿದೆ.

ಸೆಟ್ಟಿಂಗ್ಸಿನ ಆ್ಯಪ್ಸ್ ಪಟ್ಟಿಯನ್ನು ಇನ್‌ಸ್ಟಾಲ್ ಆದ ದಿನಾಂಕದ ಪ್ರಕಾರ ಜೋಡಿಸಿದರೆ ಹೊಸ ನೆಂಟರು ಮೇಲೆ ಬರುತ್ತಾರೆ. ಅನ್‌ಇನ್‌ಸ್ಟಾಲ್ ಒತ್ತಿದಾಗ ಅದು ಗೋಗರೆಯಿತು. ನಿಜವಾಗಿಯೂ ತೆಗೆಯುತ್ತೀರಾ, 70 ಶೇಕಡಾ ರಿಯಾಯಿತಿ ಕೊಡುತ್ತೇವೆ. ಬಟನ್ನುಗಳನ್ನೂ ಅದಲುಬದಲು ಮಾಡಿಟ್ಟಿದ್ದರು, ದೊಡ್ಡ ಬಣ್ಣದ್ದು "ಉಳಿಸಿಕೊಳ್ಳಿ", ಮಾಸಿದ ಸಣ್ಣದು "ತೆಗೆಯಿರಿ". ತೆಗೆದೆ. ರೀಸ್ಟಾರ್ಟ್ ಮಾಡಿದೆ. ಪತ್ರೊಡೆ ತಟ್ಟೆಗೆ ಬಂತು. ಕೆಂಪು ಗುರಾಣಿಯೂ ಬಂತು.

ಮತ್ತೆ ಬಂದೇ ಬರುತ್ತದೆ ಅಂತ ನನಗೆ ಒಳಗೊಳಗೇ ಗೊತ್ತಿತ್ತು. 2009ರಲ್ಲಿ ಮಂಗಳೂರಿನ ಹಾಸ್ಟೆಲ್ಲಿನಲ್ಲಿದ್ದಾಗ ನನ್ನದೇ ಕಂಪ್ಯೂಟರಿಗೆ ಇಂಥದ್ದು ತಗಲಿತ್ತು. ಆಗಿನವು ಇನ್ನೂ ಒರಟು. ಟಾಸ್ಕ್ ಮ್ಯಾನೇಜರ್ ತೆರೆಯಲು ಹೋದರೆ "ಈ ಫೈಲಿಗೆ ಸೋಂಕು ತಗಲಿದೆ" ಅಂತ ಅದನ್ನೇ ಮುಚ್ಚುತ್ತಿತ್ತು. ನೋಟ್‌ಪ್ಯಾಡಿಗೂ ಸೋಂಕು, ಕ್ಯಾಲ್ಕ್ಯುಲೇಟರಿಗೂ ಸೋಂಕು. ಆ ವರ್ಷ ಪ್ರಪಂಚದಲ್ಲೆಲ್ಲಾ ಹಬ್ಬಿದ್ದ ಕಾನ್‌ಫಿಕರ್ ಎಂಬ ವರ್ಮ್ (ತಾನಾಗಿಯೇ ಹರಡುವ ವೈರಸ್) ಕೂಡ ಏಪ್ರಿಲಿನಲ್ಲಿ ತನ್ನ ಜೊತೆ ಒಂದು ನಕಲಿ ಆ್ಯಂಟಿವೈರಸ್ಸನ್ನು ತಂದು ಕೂರಿಸುತ್ತಿತ್ತು. ನನಗೆ ಏನೂ ತೋಚದೆ ಹಂಪನಕಟ್ಟೆಯ ಒಂದು ಅಂಗಡಿಗೆ ಒಯ್ದೆ. ಅವರು ಕೇಳದೆ ಫಾರ್ಮ್ಯಾಟ್ ಹೊಡೆದರು, ವೈರಸ್ಸಿನ ಜೊತೆ ಮೂರು ವರ್ಷದ ಫೋಟೋಗಳೂ ಹೋದವು. ಆವತ್ತಿನಿಂದ ಫಾರ್ಮ್ಯಾಟ್ ಅಂದರೆ ನನಗೆ ಕೊನೆಯ ದಾರಿ.

ಮಾವನ ಕಂಪ್ಯೂಟರಿನಲ್ಲಿ ಅದು ಅಡಗಿದ್ದದ್ದು ಟಾಸ್ಕ್ ಶೆಡ್ಯೂಲರಿನಲ್ಲಿ. ಸ್ಟಾರ್ಟ್ ಮೆನುವಿನಲ್ಲಿ ಹುಡುಕಿದರೆ ಸಿಗುತ್ತದೆ. "ಯಾರಾದರೂ ಲಾಗಿನ್ ಆದ ಕೂಡಲೇ ಈ ಫೈಲನ್ನು ಓಡಿಸು" ಅಂತ ಅಲ್ಲೊಂದು ಸಾಲು, ಫೈಲ್ ಇದ್ದದ್ದು ನಾನು ಬರೆದಿಟ್ಟುಕೊಂಡ ಅದೇ ಫೋಲ್ಡರಿನಲ್ಲಿ. ಅದನ್ನು ಅಳಿಸಿ, ಸೇಫ್ ಮೋಡಿಗೆ ಹೋಗಿ ಫೋಲ್ಡರನ್ನೂ ಅಳಿಸಿದೆ. ಸೇಫ್ ಮೋಡಿಗೆ ಹೋಗಲು ಶಿಫ್ಟ್ ಹಿಡಿದುಕೊಂಡು ರೀಸ್ಟಾರ್ಟ್ ಒತ್ತಿ, ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ದಾಟಿ, ಮತ್ತೆ ರೀಸ್ಟಾರ್ಟ್ ಆದಾಗ 4 ಒತ್ತಬೇಕು, ಇಂಟರ್ನೆಟ್ ಸಮೇತ ಬೇಕಾದರೆ 5. ಅಲ್ಲಿ ವಿಂಡೋಸಿಗೆ ತೀರಾ ಬೇಕಾದದ್ದು ಮಾತ್ರ ಓಡುವುದರಿಂದ ಇಂಥವರು ಅಡ್ಡ ಬರುವುದು ಕಡಿಮೆ.

ನನಗೆ ನಿಜವಾಗಿ ಸಿಟ್ಟು ಬಂದದ್ದು ಆಮೇಲೆ. ವಿಂಡೋಸಿನ ಸ್ವಂತ ಆ್ಯಂಟಿವೈರಸ್ ಡಿಫೆಂಡರ್ ಇಷ್ಟು ದಿನ ಯಾಕೆ ಸುಮ್ಮನಿತ್ತು ಅಂತ ವಿಂಡೋಸ್ ಸೆಕ್ಯುರಿಟಿ ತೆರೆದು ಎಕ್ಸ್‌ಕ್ಲೂಷನ್ಸ್ ಪಟ್ಟಿ ನೋಡಿದರೆ, ಅಲ್ಲಿ ಅದೇ ಫೋಲ್ಡರ್. ಈ ಜಾಗವನ್ನು ನೋಡಬೇಡ ಅಂತ ಕಾವಲುಗಾರನಿಗೇ ಹೇಳಿಟ್ಟು ಒಳಗೆ ಹೋಗಿದೆ ಕಳ್ಳ! ಇನ್‌ಸ್ಟಾಲ್ ಆಗುವಾಗ ಅದು ಕೇಳಿದ ಅನುಮತಿಗೆ ಮಾವ ಹೌದು ಅಂದಿದ್ದರಲ್ಲ, ಅಲ್ಲೇ ಈ ಅಧಿಕಾರವೂ ಸಿಕ್ಕಿತ್ತು. ಆ ಸಾಲು ತೆಗೆದು ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಕೊಟ್ಟೆ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುವ ಸ್ಕ್ಯಾನ್ ಅದು, ಸುಮಾರು ಕಾಲು ಗಂಟೆ. ನಡುವೆ ಕರೆಂಟ್ ಹೋಯಿತು, ಇನ್ವರ್ಟರ್ ಕೈಬಿಡಲಿಲ್ಲ. ಎರಡು ಸಿಕ್ಕಿದವು. ಕೊನೆಗೆ ಇನ್ನೊಬ್ಬರ ಅಭಿಪ್ರಾಯವೂ ಇರಲಿ ಅಂತ ಮಾಲ್‌ವೇರ್‌ಬೈಟ್ಸ್ ಎಂಬ ಇನ್ನೊಂದು ಸ್ಕ್ಯಾನರಿನ ಉಚಿತ ಆವೃತ್ತಿಯನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಇಳಿಸಿ ಪೆನ್‌ಡ್ರೈವಿನಲ್ಲಿ ತಂದು ಓಡಿಸಿದೆ. ಇಂಥದ್ದನ್ನು ಇಳಿಸುವಾಗ ಗೂಗಲಿನಲ್ಲಿ ಮೊದಲು ಸಿಕ್ಕಿದ್ದನ್ನು ಒತ್ತಬೇಡಿ, ಮೇಲಿನದ್ದು ಎಷ್ಟೋ ಸಲ ಜಾಹೀರಾತು ಇರುತ್ತದೆ, ವಿಳಾಸವನ್ನು ಕೈಯಾರೆ ಟೈಪ್ ಮಾಡಿ.

ಸ್ಕ್ಯಾನ್ ಓಡುತ್ತಿರುವಾಗ ಮಾವ ಜಗಲಿಯಲ್ಲಿ ಕೂತು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಅವರೇ ಹೇಳಿದರು. "ಅಬ್ಬರಿಸಿಕೊಂಡು ಬರುವ ಬಣ್ಣದ ವೇಷ ಆಗಿದ್ದರೆ ನಾನು ಗುರುತು ಹಿಡೀತಿದ್ದೆ. ಇದು ಸನ್ಯಾಸಿ ವೇಷದ ರಾವಣ. ಅಲೋ ಒತ್ತಿದಲ್ಲಿಗೆ ಗೆರೆ ದಾಟಿ ಆಯ್ತು ನೋಡು."

ಅರ್ಥಧಾರಿಗೆ ಉದಾಹರಣೆಗೆ ಬರ ಇಲ್ಲ. ಆದರೆ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಇದು ಸನ್ಯಾಸಿಯ ಹಾಗೆ ಮೆಲ್ಲ ಬರುವುದೂ ಇಲ್ಲ, ಗಲಾಟೆ ಮಾಡಿಕೊಂಡೇ ಬರುತ್ತದೆ. ಗಡಿಯಾರ ಓಡಿಸುತ್ತದೆ, ಕೆಂಪು ಮಿನುಗಿಸುತ್ತದೆ, ಕೂಡಲೇ ದುಡ್ಡು ಕೇಳುತ್ತದೆ. ಕೆಲವು ಎಚ್ಚರಿಕೆಗಳು ಫೋನ್ ನಂಬರನ್ನೂ ಕೊಡುತ್ತವೆ. ಮೈಕ್ರೋಸಾಫ್ಟಿನ ಅಸಲಿ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ, ಇದೊಂದನ್ನು ಮಾನಿಟರಿನ ಮೇಲೆ ಅಂಟಿಸಿಟ್ಟುಕೊಂಡರೂ ಆದೀತು.

ಪುಣ್ಯಕ್ಕೆ ಮಾವ ಯಾವ ನಂಬರಿಗೂ ಫೋನ್ ಮಾಡಿರಲಿಲ್ಲ. ಮಾಡಿದ್ದರೆ ಆ ಕಡೆಯವರು ಎನಿಡೆಸ್ಕ್ ಥರದ ಆ್ಯಪ್ ಹಾಕಿಸಿ ಕಂಪ್ಯೂಟರನ್ನೇ ಕೈಗೆ ತೆಗೆದುಕೊಳ್ಳುತ್ತಾರೆ, ಬ್ಯಾಂಕಿನ ಪುಟವನ್ನೂ ನಿಮ್ಮಿಂದಲೇ ತೆರೆಸುತ್ತಾರೆ. ಹಾಗೆ ಕೂತು ಫೋನಿನಲ್ಲಿ ಮೋಸ ಮಾಡುವ ಕಾಲ್ ಸೆಂಟರುಗಳು ನಮ್ಮ ದೇಶದಲ್ಲೂ ಇವೆ. 2023ರ ಅಕ್ಟೋಬರಿನಲ್ಲಿ ಸಿಬಿಐ ಆಪರೇಷನ್ ಚಕ್ರ-2 ಎಂಬ ಹೆಸರಿನಲ್ಲಿ ದಾಳಿ ಮಾಡಿದ್ದರಲ್ಲಿ ಇಂಥವೂ ಇದ್ದವು. ಒಂದು ವೇಳೆ ದುಡ್ಡು ಹೋಗಿಬಿಟ್ಟಿದ್ದರೆ ನಾಚಿಕೆ ಬಿಟ್ಟು ಕೂಡಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತಡ ಆದಷ್ಟೂ ದುಡ್ಡು ತಡೆಯುವುದು ಕಷ್ಟ. ಆ ಆ್ಯಪ್ ತೆಗೆದು, ಪಾಸ್‌ವರ್ಡುಗಳನ್ನು ಬೇರೆ ಕಂಪ್ಯೂಟರಿನಿಂದ ಬದಲಾಯಿಸಿ. ಮಾವನ ಇಮೇಲಿನ ಪಾಸ್‌ವರ್ಡನ್ನು ನನ್ನ ಲ್ಯಾಪ್‌ಟಾಪಿನಿಂದಲೇ ಬದಲಾಯಿಸಿದೆವು. ಹಳೆಯದು ಏನಿತ್ತು ಅಂತ ಇಲ್ಲಿ ಹೇಳುವುದಿಲ್ಲ, ಆದರೆ ಅದರಲ್ಲಿ ಅತ್ತೆಯ ಹೆಸರಿತ್ತು, ಅತ್ತೆಗೆ ಅದು ಆವತ್ತೇ ಗೊತ್ತಾದದ್ದು.

ಪ್ರಸಂಗದ ಪಿಡಿಎಫ್ ಕೂಡ ಸಿಕ್ಕಿತು. ಯಕ್ಷಗಾನ ಪ್ರಸಂಗಗಳನ್ನು ಪುಕ್ಕಟೆಯಾಗಿ, ಯಾವ ಹಸಿರು ಬಟನ್ನೂ ಇಲ್ಲದೆ ಕೊಡುವ ಒಳ್ಳೆಯ ಸೈಟುಗಳು ಇವೆ, ಒಂದನ್ನು ಬುಕ್‌ಮಾರ್ಕ್ ಮಾಡಿಕೊಟ್ಟು ಸಂಜೆಯ ಬಸ್ಸಿಗೆ ಹೊರಟೆ.

ಹತ್ತು ದಿನ ಬಿಟ್ಟು ಮತ್ತೆ ಫೋನ್. ಈ ಸಲ ದನಿ ತೀರಾ ಸಣ್ಣದು, ಕಳ್ಳನಿಗೆ ಕೇಳಿಸಬಾರದು ಎಂಬಂತೆ.

"ಮೂಲೆಯಲ್ಲಿ ಒಂದು ಬಂದಿದೆ ಮಾರಾಯ್ತಿ. ನಾನು ಮುಟ್ಟಲಿಲ್ಲ. ಡಿಫೆಂಡರ್ ಅಂತ ಬರೆದಿದೆ."

"ಎಂತ ಹೇಳ್ತದೆ ಮಾವ?"

"ಸ್ಕ್ಯಾನ್ ಮಾಡಿದೆ, ಏನೂ ಸಿಗಲಿಲ್ಲ ಅಂತ."

"ಅದು ಅಸಲಿ. ಏನೂ ಮಾಡುವುದು ಬೇಡ."

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಲ್ಲ, ದುಡ್ಡೇ ಕೇಳ್ತಾ ಇಲ್ಲ ಇದು," ಅಂದರು.