ಸ್ಯಾಂ ಮಿಶೆಲ್‌ನಲ್ಲಿ ಬಸ್ಸು ಬಾರದ ಮಧ್ಯಾಹ್ನ

ನನ್ನ ತಮ್ಮ ಇರುವುದು ದಕ್ಷಿಣ ಫ್ರಾನ್ಸಿನ ಮನೋಸ್ಕ್ ಎಂಬ ಊರಿನಲ್ಲಿ. ಹತ್ತಿರದ ಕದರಾಶ್‌ನಲ್ಲಿ ಹಲವು ದೇಶಗಳು ಸೇರಿ ಕಟ್ಟುತ್ತಿರುವ ಈಟರ್ ಎಂಬ ಪರಮಾಣು ಸಮ್ಮಿಳನ ರಿಯಾಕ್ಟರಿನಲ್ಲಿ ಇಂಜಿನಿಯರ್. ಭಾರತವೂ ಅದರಲ್ಲಿ ಪಾಲುದಾರ. ಮೊದಲ ನಾಲ್ಕು ದಿನ ಸಂತೆ, ಚರ್ಚು, ಲ್ಯಾವೆಂಡರ್ ಹೊಲ ಅಂತ ಕಳೆದವು. ಲ್ಯಾವೆಂಡರ್ ಐಸ್‌ಕ್ರೀಮನ್ನು ಎಲ್ಲರೂ ಹೊಗಳುತ್ತಾರೆ. ನನಗಂತೂ ಮೈಸೋಪು ನೆಕ್ಕಿದ ಹಾಗಾಯಿತು.

ಐದನೇ ದಿನ ಒಬ್ಬಳೇ ಬಸ್ಸು ಹತ್ತಿ ಸ್ಯಾಂ ಮಿಶೆಲ್ ಲೊಬ್ಸೆರ್ವತ್ವಾರ್‌ಗೆ ಹೋದೆ. ವೀಕ್ಷಣಾಲಯದ ಹೆಸರನ್ನೇ ಹೊತ್ತ ಹಳ್ಳಿ. ಸೂರ್ಯನಂಥ ಬೇರೊಂದು ನಕ್ಷತ್ರವನ್ನು ಸುತ್ತುವ ಗ್ರಹ 1995ರಲ್ಲಿ ಪತ್ತೆಯಾದದ್ದು ಇಲ್ಲಿನ 193 ಸೆಂಟಿಮೀಟರ್ ದೂರದರ್ಶಕದಿಂದಲೇ. ಆದರೆ ಒಳಗೆ ಬಿಡುವ ದಿನ ಅದಾಗಿರಲಿಲ್ಲ. ದೂರದಿಂದ ಬಿಳಿ ಗುಮ್ಮಟ ನೋಡಿ, ಫೋಟೊ ತೆಗೆದು ವಾಪಸ್ ಸ್ಟಾಪಿಗೆ ಬಂದೆ.

ಎರಡೂವರೆಯ ಬಸ್ಸು ಮೂರಾದರೂ ಬರಲಿಲ್ಲ. ಬೋರ್ಡಿನ ತಳದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿದ್ದರು: ಶಾಲೆ ಇರುವ ದಿನಗಳಲ್ಲಿ ಮಾತ್ರ. ಅದು ಜುಲೈ, ಶಾಲೆಗೆ ರಜೆ! ಫ್ರಾನ್ಸಿನ ಹಳ್ಳಿಗಳಿಗೆ ಹೋಗುವವರು ಬಸ್ಸಿನ ಟೈಮು ನೋಡುವ ಮೊದಲು ಈ ಸಣ್ಣಕ್ಷರ ಓದಿಕೊಳ್ಳಿ. ನನಗೆ ಇವತ್ತಿಗೂ ಸಿಟ್ಟು ಹೋಗಿಲ್ಲ.

ಅದೇ ಬಸ್ಸಿಗೆ ಇನ್ನಿಬ್ಬರು ಕಾಯುತ್ತಿದ್ದರು. ಎಪ್ಪತ್ತು ದಾಟಿದ ಒಬ್ಬ ಅಜ್ಜಿ, ಜೊತೆಗೆ ಮೊಮ್ಮಗಳು. ಮಾರ್ಸೇಯಿಂದ ಬಂದವರು, ಮೂಲ ಅಲ್ಜೀರಿಯಾದ ಕಬೀಲಿಯಾ ಬೆಟ್ಟಗಳು. ಹುಡುಗಿಗೆ ಇಂಗ್ಲಿಷ್ ಬರುತ್ತಿತ್ತು.

"ನೀವೂ ದೂರದರ್ಶಕ ನೋಡೋಕೆ ಬಂದಿರಾ?" ಅಂತ ಕೇಳಿದೆ.

ಅಜ್ಜಿ ನಕ್ಕರು. "ನಮಗ್ಯಾಕಮ್ಮ ಅದು? ತಾವೊಸ್ ಕೊನೆಯುಸಿರೆಳೆದ ಊರು ನೋಡೋಕೆ ಬಂದ್ವಿ."

ಹಾಗೆ ಮೊದಲ ಸಲ ಆ ಹೆಸರು ಕೇಳಿದೆ. ಮಾರ್ಗರೀತ್ ತಾವೊಸ್ ಅಮ್ರೂಶ್. ತಾವೊಸ್ ಅಂದರೆ ನವಿಲು. 1913ರಲ್ಲಿ ತುನಿಸ್‌ನಲ್ಲಿ, ಕ್ರೈಸ್ತರಾಗಿದ್ದ ಕಬೀಲ ಕುಟುಂಬದಲ್ಲಿ ಹುಟ್ಟಿದಾಕೆ. 1947ರಲ್ಲಿ ಬಂದ ಅವರ 'ಜಾಸಾಂತ್ ನ್ವಾರ್' ಅಲ್ಜೀರಿಯಾ ಮೂಲದ ಹೆಂಗಸು ಫ್ರೆಂಚಿನಲ್ಲಿ ಬರೆದ ಮೊದಮೊದಲ ಕಾದಂಬರಿಗಳಲ್ಲಿ ಒಂದು. ಕಾದಂಬರಿ ಬರೆಯುತ್ತಲೇ ರೇಡಿಯೊದಲ್ಲೂ ಕೆಲಸ ಮಾಡಿದರು, ಪ್ಯಾರಿಸ್ಸಿನಿಂದ ಕಬೀಲ ಭಾಷೆಯಲ್ಲಿ ಕಾರ್ಯಕ್ರಮ ನಡೆಸಿದರು. ತಾಯಿ ಫಾದ್ಮಾರಿಂದ ಕಲಿತ ಹಾಡುಗಳನ್ನು ಯಾವ ವಾದ್ಯವೂ ಇಲ್ಲದೆ ಹಾಡುತ್ತಿದ್ದರು.

"ನಮ್ಮಮ್ಮನಿಗೆ ಓದೋಕೆ ಬರ್ತಿರಲಿಲ್ಲ" ಅಂದರು ಅಜ್ಜಿ. "ಕಾದಂಬರಿ ಎಲ್ಲಿಂದ ಓದಬೇಕು? ರೇಡಿಯೊದ ಮೇಲೆ ಕಸೂತಿ ಬಟ್ಟೆ ಹೊದಿಸಿಟ್ಟಿರ್ತಿದ್ದಳು. ತಾವೊಸ್ ಮಾತಾಡುವ ಹೊತ್ತಿಗೆ ಕೈ ಒರೆಸಿಕೊಂಡು, ಆ ಬಟ್ಟೆ ತೆಗೆದು ಮಡಚಿ ತೊಡೆ ಮೇಲೆ ಇಟ್ಕೊಳ್ತಿದ್ದಳು. ಮುಗಿಯೋವರೆಗೆ ನಾವು ಉಸಿರೆತ್ತೋ ಹಾಗಿರಲಿಲ್ಲ."

ಮೊಮ್ಮಗಳು ಫೋನಿನಲ್ಲಿ ಒಂದು ಹಾಡು ಹಾಕಿದಳು. ದಪ್ಪ, ತುಂಬಿದ ದನಿ. ಸ್ಟಾಪಿನ ಕಲ್ಲುಗೋಡೆಗೆ ತಾಗಿ ವಾಪಸ್ ಬರುತ್ತಿತ್ತು. ಒಂದು ಪದವೂ ಅರ್ಥವಾಗಲಿಲ್ಲ, ಆದರೂ ನನ್ನ ಬೆನ್ನು ನೆಟ್ಟಗಾಯಿತು.

"ಹಳ್ಳಿಯಲ್ಲಿ ನಿಮ್ಮವರೂ ಹೀಗೇ ಹಾಡ್ತಾರಾ?"

"ಎಲ್ಲಿ ಬಂತು! ಇವಳು ರಾಣಿ ಥರ ನಿಂತು ಹಾಡ್ತಾಳೆ. ನಮ್ಮ ಹೆಂಗಸರು ಹಿಟ್ಟು ಕಲಸ್ತಾ ಹಾಡೋರು. ಅಮ್ಮ ಮೊದಲು ನಗ್ತಿದ್ದಳು, ಆಮೇಲೆ ಅಳ್ತಿದ್ದಳು."

ಈ ಮಾತು ನನಗೆ ಬಹಳ ಹಿಡಿಸಿತು. ಅಭಿಮಾನ ಇದ್ದರೂ ಅಜ್ಜಿ ಸುಮ್ನೆ ಹೊಗಳಲಿಲ್ಲ ನೋಡಿ. 1969ರಲ್ಲಿ ಅಲ್ಜಿಯರ್ಸ್‌ನ ಆಫ್ರಿಕನ್ ಉತ್ಸವದಲ್ಲಿ ಸರ್ಕಾರ ತಾವೊಸ್‌ಗೆ ಹಾಡಲು ಅವಕಾಶ ಕೊಡಲಿಲ್ಲವಂತೆ. ಆಕೆ ಹೋಗಿ ಅಲ್ಲಿನ ವಿದ್ಯಾರ್ಥಿಗಳ ಮುಂದೆ ಹಾಡಿದರು. ಅದನ್ನು ಹೇಳುವಾಗ ಮಾತ್ರ ಅಜ್ಜಿ ಕೈಚೀಲವನ್ನು ಪಟ್ ಅಂತ ಬೆಂಚಿಗೆ ಕುಟ್ಟಿದರು.

ಮನೋಸ್ಕ್‌ನಲ್ಲಿ ಎಲ್ಲಿ ನೋಡಿದರೂ ಅಲ್ಲೇ ಬದುಕಿದ್ದ ಕಾದಂಬರಿಕಾರ ಜಾನ್ ಜಿಯೋನೋ. ಅವರ ಹೆಸರಿನಲ್ಲಿ ದೊಡ್ಡ ಕೇಂದ್ರವೇ ಇದೆ. ತಾವೊಸ್‌ರ ಅಣ್ಣ, ಕವಿ ಜಾನ್ ಅಮ್ರೂಶ್, ಇದೇ ಜಿಯೋನೋರನ್ನು ರೇಡಿಯೊಗೆ ಸಂದರ್ಶನ ಮಾಡಿದ್ದರು. ತಾವೊಸ್‌ಗೆ ಜಿಯೋನೋ ಮೇಲಿದ್ದ ಪ್ರೀತಿ 2014ರಲ್ಲಿ ಪ್ರಕಟವಾದ ಅವರ ದಿನಚರಿಯಲ್ಲಿದೆ. ನಾಲ್ಕು ದಿನ ಆ ಊರು ಸುತ್ತಿದರೂ ತಾವೊಸ್ ಹೆಸರು ನನ್ನ ಕಣ್ಣಿಗೆ ಒಮ್ಮೆಯೂ ಬಿದ್ದಿರಲಿಲ್ಲ. ಅಜ್ಜಿಗೆ ಹೇಳಿದೆ. "ಗೊತ್ತು" ಅಂದರು, ಅಷ್ಟೇ.

ಆರು ಗಂಟೆಗೆ ತಮ್ಮ ಕಾರು ತಂದ. ಅವರಿಬ್ಬರನ್ನೂ ಹತ್ತಿಸಿಕೊಂಡೆವು. ದಾರಿಯಲ್ಲಿ ಅಜ್ಜಿ ಕಿಟಕಿ ಕಡೆ ಮುಖ ಮಾಡಿ ಮೆಲ್ಲಗೆ ಗುನುಗತೊಡಗಿದರು.

"ತಾವೊಸ್ ಹಾಡಿದ್ದಾ?" ಅಂದೆ.

"ಹಾಡು ಅದೇ. ಆದರೆ ಇದು ನಮ್ಮಮ್ಮ ಹಾಡ್ತಿದ್ದ ಹಾಗೆ" ಅಂದರು, ಕೈಯಲ್ಲಿ ಹಿಟ್ಟು ಕಲಸುವಂತೆ ಮಾಡಿ ತೋರಿಸುತ್ತಾ. ತಮ್ಮ ತಾನಾಗಿಯೇ ಕಾರಿನ ಎಫ್‌ಎಂ ಆಫ್ ಮಾಡಿದ.